ಸಾಲ ತೀರಿದೆ, ಮಾತು ತೀರಿಲ್ಲ

ಪ್ರಶ್ನೆ: ನನಗೆ 36 ವರ್ಷ. ಮೈಸೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಸೇರಿ ನಾಲ್ಕು ವರ್ಷ ಆಯಿತು. ಯಜಮಾನರ ಮೊಬೈಲ್ ಅಂಗಡಿ ಕೊರೊನಾ ನಂತರ ಚೇತರಿಸಿಕೊಳ್ಳಲೇ ಇಲ್ಲ. ಮುಚ್ಚಿಬಿಟ್ಟೆವು, ಅದರ ಸಾಲ ಇನ್ನೂ ಕಟ್ಟುತ್ತಿದ್ದೇವೆ. ನನ್ನ ಒಡವೆ ಅಡವಿನಲ್ಲಿದೆ. ಆಫೀಸಿನಲ್ಲಿ ಯಾರಿಗೂ ಇದನ್ನು ಹೇಳಿಕೊಂಡಿಲ್ಲ. ಆದರೆ ಪಕ್ಕದ ಟೇಬಲ್ಲಿನ ಮೇಡಂ ದಿನಾ ಏನಾದರೊಂದು ಚುಚ್ಚುತ್ತಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಕತ್ತಿನ ಸರ ನೋಡಿ, ‘ಒಂದು ಗ್ರಾಂ ಗೋಲ್ಡ್ ಈಗ ಎಷ್ಟು ಚೆನ್ನಾಗಿ ಬರುತ್ತೆ, ಅಸಲಿ ಥರಾನೇ ಇದೆ’ ಅಂದರು. ಸ್ಕೂಟರ್ ಮಾರಿ ಬಸ್ಸಿಗೆ ಬರಲು ಶುರು ಮಾಡಿದಾಗ, ‘ನಿಮಗೇನು ಬಿಡಿ, ಫ್ರೀ ಬಸ್ಸು’ ಅಂದರು. ಮೊನ್ನೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ಎಲ್ಲರೂ 500 ರೂಪಾಯಿ ಹಾಕಿದರು. ನಾನು 200 ಕೊಟ್ಟೆ. ‘ಇರಲಿ ಬಿಡಿ, ಪಾಪ, ಅವರ ಕಷ್ಟ ಅವರಿಗೆ’ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ತಿರುಗಿ ಹೇಳೋಣ ಅಂದರೆ ಬಾಯಿ ಬರುವುದಿಲ್ಲ. ಕೆಲಸ ಬಿಟ್ಟುಬಿಡಲೇ ಅನಿಸುತ್ತಿದೆ. ಕಳೆದ ವರ್ಷ ಸಂಬಳದ ಅಡ್ವಾನ್ಸಿಗೆ ಅರ್ಜಿ ಕೊಟ್ಟಾಗ ಅದು ಅವರ ಟೇಬಲ್ ಮೂಲಕವೇ ಹೋಗಿತ್ತು. ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಮಗಳ ಸ್ಕೂಲ್ ಫೀಸಿಗೆ ಅವರ ಹತ್ತಿರ 10,000 ಕೈಸಾಲ ತಗೊಂಡಿದ್ದೆ. ಒಂದು ತಿಂಗಳಲ್ಲಿ ಕೊಡುತ್ತೇನೆ ಅಂದವಳು ಐದು ತಿಂಗಳು ಮಾಡಿದೆ. ಆದರೆ ಪೂರ್ತಿ ಕೊಟ್ಟಿದ್ದೇನೆ.
– ಹೆಸರು ಬೇಡ, ಮೈಸೂರು

ಉತ್ತರ: ‘ಇನ್ನೊಂದು ವಿಷಯ’ ಎಂದು ಕೊನೆಗೆ ಸೇರಿಸಿದ್ದೀರಲ್ಲ, ನನಗೆ ಅಲ್ಲೇ ಕಥೆ ಶುರುವಾದ ಹಾಗೆ ಕಾಣುತ್ತಿದೆ. ಆ ಮೇಡಂ ಹುಟ್ಟಾ ಕೆಟ್ಟವರಾಗಿದ್ದರೆ ಮಗಳ ಫೀಸಿಗೆ ಅಂದ ತಕ್ಷಣ 10,000 ತೆಗೆದು ಕೊಡುತ್ತಿರಲಿಲ್ಲ. ಪತ್ರ ಇಲ್ಲ, ಬಡ್ಡಿ ಇಲ್ಲ, ಸಾಕ್ಷಿ ಇಲ್ಲ, ಬರೀ ನಂಬಿಕೆ. ಎರಡನೇ ತಿಂಗಳಿಂದ ಐದನೇ ತಿಂಗಳವರೆಗೆ ಅವರು ದಿನಾ ನಿಮ್ಮ ಪಕ್ಕದಲ್ಲೇ ಕೂತಿದ್ದರು. ಕೇಳೋಣ ಅಂದರೆ ಸಂಕೋಚ, ಬಿಡೋಣ ಅಂದರೆ ತಮ್ಮ ದುಡ್ಡು. ಸಂಬಳ ಆದ ದಿನ ನೀವು ಏನಾದರೂ ಹೇಳುತ್ತೀರಾ ಎಂದು ಕಾದಿರುತ್ತಾರೆ. ನೀವು ತಲೆ ತಗ್ಗಿಸಿಕೊಂಡು ವೋಚರ್ ನೋಡುತ್ತಿದ್ದಿರಿ, ಅಲ್ವಾ? ದುಡ್ಡು ವಾಪಸ್ ಕೊಡುವಾಗ ಎದುರಿಗೆ ಕೂತು ಎರಡು ಮಾತು ಆಡಿದಿರೋ, ಫೋನಿನಲ್ಲೇ ಕಳಿಸಿ ‘ಹಾಕಿದ್ದೇನೆ ಮೇಡಂ’ ಎಂದು ಮೆಸೇಜ್ ಒತ್ತಿದಿರೋ, ಬರೆದಿಲ್ಲ. ಎರಡನೆಯದೇ ಇರಬೇಕು ಎಂದು ನನ್ನ ಅಂದಾಜು. ಅಸಲು ಸೇರಿತು. ಕಾಯಿಸಿದ್ದರ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ಆ ಬಡ್ಡಿಯನ್ನೇ ಅವರು ಈಗ ಮಾತಿನಲ್ಲಿ ವಸೂಲು ಮಾಡುತ್ತಿದ್ದಾರೆ.

ಇಷ್ಟು ಹೇಳಿದೆ ಅಂತ ತಪ್ಪು ನಿಮ್ಮದು ಅಂದುಕೊಳ್ಳಬೇಡಿ. ನೀವು ಅಕೌಂಟ್ಸಿನವರು, ಲೆಕ್ಕದಲ್ಲೇ ನೋಡೋಣ. 10,000 ರೂಪಾಯಿಗೆ ವರ್ಷಕ್ಕೆ 7 ಪರ್ಸೆಂಟಿನ ಹಾಗೆ ಐದು ತಿಂಗಳಿಗೆ ಬಡ್ಡಿ 300 ರೂಪಾಯಿಯೂ ಆಗುವುದಿಲ್ಲ. ಅದಕ್ಕೆ ಎರಡು ವರ್ಷದಿಂದ ನಿಮ್ಮ ಸರ, ನಿಮ್ಮ ಬಸ್ಸು, ನಿಮ್ಮ ಕಾಣಿಕೆ ಎಲ್ಲದರ ಮೇಲೂ ಅವರಿಗೆ ಮಾತಾಡುವ ಹಕ್ಕು ಬಂದುಬಿಡುತ್ತದಾ? ಬರುವುದಿಲ್ಲ. ಆದರೆ ಆ ಹಕ್ಕು ಇದೆ ಎಂದು ಅವರು ಅಂದುಕೊಂಡಿದ್ದಾರೆ. ನನಗೇನೋ ನೀವೂ ಒಳಗೊಳಗೇ ಅದನ್ನು ಒಪ್ಪಿಕೊಂಡ ಹಾಗೆ ಕಾಣುತ್ತದೆ. ತಿರುಗಿ ಹೇಳಲು ಬಾಯಿ ಬರದೇ ಇರುವುದಕ್ಕೆ ಕಾರಣ ಅದೇ ಇರಬಹುದು. ಇವರ ಹತ್ತಿರ ಒಮ್ಮೆ ಕೈ ಚಾಚಿದ್ದೇನೆ, ಈಗ ಏನಂತ ಹೇಳಲಿ ಅನ್ನುವ ಅಳುಕು.

ಹಾಗಾಗಿ ಮೊದಲು ಆ ಹಳೇ ಲೆಕ್ಕ ಮುಗಿಸಿ. ಅವರೊಬ್ಬರೇ ಇರುವಾಗ, ‘ಮೇಡಂ, ಎರಡು ನಿಮಿಷ ಮಾತಾಡಬೇಕಿತ್ತು’ ಎಂದು ಪಕ್ಕಕ್ಕೆ ಕರೆಯಿರಿ. ಊಟದ ಹೊತ್ತು ಬೇಡ, ಅವರ ಜೊತೆಗೆ ನಗುವವರು ಅಲ್ಲೇ ಇರುತ್ತಾರೆ. ವಾಟ್ಸ್‌ಆ್ಯಪ್ ಅಂತೂ ಬೇಡವೇ ಬೇಡ, ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ಮೂರು ಗ್ರೂಪಿಗೆ ಹೋಗಿರುತ್ತದೆ. ಕರೆದು ಇಷ್ಟು ಹೇಳಿ:

‘ಅವತ್ತು ಮಗಳ ಫೀಸಿಗೆ ನೀವು ಕೊಟ್ಟಿರಿ, ಅದನ್ನು ಮರೆತಿಲ್ಲ. ಹೇಳಿದ ಹೊತ್ತಿಗೆ ವಾಪಸ್ ಕೊಡಲಿಲ್ಲ, ಅದು ನನ್ನ ತಪ್ಪು. ಆಗಲೇ ಹೇಳಬೇಕಿತ್ತು, ಈಗ ಹೇಳ್ತಿದ್ದೀನಿ. ಆದರೆ ನನ್ನ ದುಡ್ಡಿನ ವಿಷಯ ಎಲ್ಲರ ಮುಂದೆ ಎತ್ತಬೇಡಿ. ನನಗೆ ಬೇಜಾರಾಗುತ್ತೆ.’

ಮೊದಲ ಅರ್ಧ ಹೇಳದೆ ಎರಡನೇ ಅರ್ಧ ಮಾತ್ರ ಹೇಳಿದರೆ, ‘ದುಡ್ಡು ಬೇಕಾದಾಗ ಮೇಡಂ ಬೇಕಿತ್ತು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಮೊದಲ ಅರ್ಧವನ್ನು ಮಾತ್ರ ಹೇಳಿ ನಿಲ್ಲಿಸಿದರೆ ನಾಳೆಯಿಂದ ಇನ್ನೂ ಜಾಸ್ತಿ ಆಗುತ್ತದೆ. ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಡಿ. ಜೊತೆಗೆ ಸ್ವೀಟ್ ಬಾಕ್ಸು, ಬ್ಲೌಸ್ ಪೀಸು ಅಂತ ಏನೂ ಹಿಡಿದುಕೊಂಡು ಹೋಗಬೇಡಿ, ಅದು ಸಾಲದ ಇನ್ನೊಂದು ಕಂತಿನ ಹಾಗೆ ಕಾಣುತ್ತದೆ. ‘ಅಯ್ಯೋ, ನಾನು ತಮಾಷೆಗೆ ಅಂದಿದ್ದು ಕಣ್ರೀ’ ಅನ್ನಬಹುದು. ಬಹುಪಾಲು ಅನ್ನುತ್ತಾರೆ. ‘ತಮಾಷೆಗೇ ಅಂದಿರಬಹುದು ಮೇಡಂ, ನನಗೆ ಹಾಗನಿಸಲ್ಲ’ ಅಂದು ಎದ್ದು ಬನ್ನಿ. ಅವರ ಕಡೆಯಿಂದ ಕ್ಷಮೆ ಕಾಯುತ್ತಾ ನಿಲ್ಲಬೇಡಿ, ಸಿಗುವುದಿಲ್ಲ.

ಇದಾದ ಮೇಲೆ ಸ್ವಲ್ಪ ದಿನ ತಣ್ಣಗಿದ್ದು ಮತ್ತೆ ಶುರು ಮಾಡಿದರೆ? ಆಗ ಅಲ್ಲೇ, ಅದೇ ಹೊತ್ತಿಗೆ, ಚಿಕ್ಕದಾಗಿ ಉತ್ತರ ಕೊಡಬೇಕು. ಸರದ ಮಾತು ಬಂದರೆ, ‘ಹೌದು ಮೇಡಂ, ಒಂದು ಗ್ರಾಂದೇ. ಚೆನ್ನಾಗಿದೆ ಅಲ್ವಾ?’ ಎಂದು ಕೆಲಸಕ್ಕೆ ತಿರುಗಿ. ಮುಚ್ಚಿಡುತ್ತಿದ್ದೀರಿ ಎಂದು ಗೊತ್ತಿರುವ ತನಕ ಮಾತ್ರ ಅದನ್ನು ಕೆದಕುವುದರಲ್ಲಿ ಮಜಾ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ಬೀರುವಿನಲ್ಲಿ ಚಿನ್ನ ಇರುವವರೂ ಮದುವೆಮನೆಗೆ ಒಂದು ಗ್ರಾಂದು ಹಾಕಿಕೊಂಡು ಹೋಗುವ ಕಾಲ ಇದು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಬಸ್ಸಿನ ಮಾತಿಗೆ ನಾನಾಗಿದ್ದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದಕ್ಕೆ ಆದಾಯದ ಮಿತಿ ಇಲ್ಲ. ರಾಜ್ಯದಲ್ಲಿ ವಾಸವಿರುವ ಹೆಂಗಸರಿಗೆಲ್ಲ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಗುರುತಿನ ಚೀಟಿ ನೋಡುತ್ತಾರೆಯೇ ಹೊರತು ಸಂಬಳ ಕೇಳುವುದಿಲ್ಲ. ಆ ಮೇಡಂ ಹಬ್ಬಕ್ಕೆ ತವರಿಗೆ ಹೋಗುವಾಗ ಯಾವ ಟಿಕೆಟ್ ತಗೊಳ್ಳುತ್ತಾರೆ ಎಂದು ಕೇಳಬೇಕು ಅನಿಸುತ್ತದೆ, ನನಗೂ ಅನಿಸಿತು. ಕೇಳಬೇಡಿ. ಆಮೇಲೆ ಇಬ್ಬರೂ ಒಬ್ಬರ ಪರ್ಸಿನಲ್ಲಿ ಇನ್ನೊಬ್ಬರು ಇಣುಕಿದ ಹಾಗಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಆ ‘ಪಾಪ’. ಚುಚ್ಚುಮಾತಿಗೆ ಸಿಟ್ಟಾಗಬಹುದು. ಕನಿಕರಕ್ಕೆ ಸಿಟ್ಟಾದರೆ ಸುತ್ತ ಇರುವವರಿಗೆ ನೀವೇ ಒರಟರ ಹಾಗೆ ಕಾಣುತ್ತೀರಿ. ಮೇಡಂಗೆ ಅದು ಚೆನ್ನಾಗಿ ಗೊತ್ತು. ಆದರೂ ಅದಕ್ಕೆ ಸುಮ್ನೆ ಇರಬೇಡಿ. ‘ಪಾಪ ಅನ್ನೋ ಹಾಗೇನೂ ಆಗಿಲ್ಲ ಮೇಡಂ. 200 ಕೊಡಬೇಕು ಅಂದುಕೊಂಡಿದ್ದೆ, ಕೊಟ್ಟಿದ್ದೀನಿ.’ ನಗಬೇಡಿ, ದನಿ ಏರಿಸಬೇಡಿ. ಮುಖ್ಯವಾಗಿ ವಿವರಣೆ ಕೊಡಬೇಡಿ. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ‘ಈ ತಿಂಗಳು ಕಂತು ಜಾಸ್ತಿ ಬಂತು, ಯಜಮಾನರಿಗೂ ಇನ್ನೂ ಕೆಲಸ ಆಗಿಲ್ಲ, ಅದಕ್ಕೆ...’ ಎಂದು ಶುರು ಮಾಡುತ್ತೇವೆ. ಮುಂದಿನ ವಾರದ ಮಾತಿಗೆ ಬೇಕಾದ ಸಾಮಾನನ್ನು ನಾವೇ ಒದಗಿಸಿಕೊಟ್ಟ ಹಾಗಾಗುತ್ತದೆ.

ಇನ್ನು ಒಡವೆ ಅಡವಿಟ್ಟ ವಿಷಯ ಯಾರಿಗೂ ಹೇಳಿಲ್ಲ ಅಂದಿರಿ. ಆದರೆ ಮೇಡಂ ಟೇಬಲ್ ಮೂಲಕ ಹೋದ ಅಡ್ವಾನ್ಸಿನ ಅರ್ಜಿಯಲ್ಲಿ ಕಾರಣ ಅಂತ ಏನು ಬರೆದಿದ್ದಿರಿ, ನೆನಪು ಮಾಡಿಕೊಳ್ಳಿ. ಮುಂದೆ ಅಂಥದ್ದು ಬಂದರೆ ಅರ್ಜಿಯನ್ನು ಕವರಿನಲ್ಲಿಟ್ಟು ನೇರವಾಗಿ ಮ್ಯಾನೇಜರ್ ಕೈಗೇ ಕೊಡಿ. ಕಾರಣಕ್ಕೆ ‘ಮನೆಯ ಖರ್ಚು’ ಎಂದು ಬರೆದರೆ ಸಾಕು, ಕಥೆ ಬೇಡ. ಪಿಎಫ್ ಮುಂಗಡ ಬೇಕಾದರೆ ಆಫೀಸಿನಲ್ಲಿ ಕಾಗದ ತಿರುಗಿಸುವ ಅಗತ್ಯವೇ ಇಲ್ಲ. ನಿಮ್ಮ ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರ ಸಂಖ್ಯೆಗೆ, ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಪಿಎಫ್ ಸಂಸ್ಥೆಯ (ಇಪಿಎಫ್‌ಒ) ಪೋರ್ಟಲ್ಲಿನಲ್ಲೋ ಉಮಂಗ್ ಆ್ಯಪಿನಲ್ಲೋ ನೀವೇ ಹಾಕಬಹುದು, ಕಂಪನಿಯ ಸಹಿ ಬೇಕಿಲ್ಲ. ಹಾಗಂತ ಸುಮ್ಮಸುಮ್ಮನೆ ತೆಗೆಯಬೇಡಿ, ಅದು ವಯಸ್ಸಾದ ಮೇಲಿನ ದುಡ್ಡು.

ಫೈಲಿನಲ್ಲಿ ನೋಡಿದ್ದನ್ನೇ ಆ ಮೇಡಂ ಊಟದ ಟೇಬಲ್ಲಿಗೆ ತರುತ್ತಿದ್ದಾರೆ ಅನ್ನುವುದು ಖಚಿತವಾದರೆ ಅದು ಇಬ್ಬರ ಜಗಳವಲ್ಲ, ಆಫೀಸಿನ ತಪ್ಪು. ಮ್ಯಾನೇಜರಿಗೆ ಒಂದು ಇಮೇಲ್ ಹಾಕಿ. ಯಾವ ದಿನ, ಯಾರ ಮುಂದೆ, ಯಾವ ಮಾತು, ಅಷ್ಟೇ ಇರಲಿ. ‘ಅವರ ಸ್ವಭಾವವೇ ಹೀಗೆ’ ಅನ್ನುವ ಪುರಾಣ ಬೇಡ. ಕೊನೆಯಲ್ಲಿ, ‘ನನ್ನ ಸಂಬಳ, ಸಾಲದ ಮಾಹಿತಿ ಗುಟ್ಟಾಗಿರಬೇಕು’ ಎಂದು ಕೇಳಿಕೊಳ್ಳಿ. ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಿ ಎಂದು ಯಾರಾದರೂ ಸಲಹೆ ಕೊಟ್ಟರೆ, 2013ರ ಕಾಯ್ದೆಯ ಆ ಸಮಿತಿ ಲೈಂಗಿಕ ಕಿರುಕುಳಕ್ಕೆ ಮಾತ್ರ. ಇದು ಅಲ್ಲಿಗೆ ಹೋಗುವ ವಿಷಯವಲ್ಲ.

ಕೆಲಸ ಬಿಡುವ ಮಾತು ಸದ್ಯಕ್ಕೆ ತೆಗೆಯಬೇಡಿ. ನಿಮಗೆ ನಾಲ್ಕು ವರ್ಷ ಆಗಿದೆ. ಕಾಯಂ ಕೆಲಸದವರಿಗೆ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗಲು ಐದು ವರ್ಷ ತುಂಬಬೇಕು. ಮೂಲ ವೇತನ, ಡಿಎ ಸೇರಿ 15,000 ಎಂದು ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದರೆ 43,000 ರೂಪಾಯಿಗೂ ಸ್ವಲ್ಪ ಜಾಸ್ತಿ ಬರುತ್ತದೆ. ನಿಮ್ಮ ಒಡವೆಯಲ್ಲಿ ಒಂದಾದರೂ ಬಿಡಿಸಿಕೊಳ್ಳುವಷ್ಟು ದುಡ್ಡು. ಒಬ್ಬರ ಬಾಯಿಗೆ ಹೆದರಿ ಅದನ್ನು ಬಿಟ್ಟು ಹೋಗಬೇಕಾ? ಐದು ತುಂಬಿದ ಮೇಲೆ ಜಾಸ್ತಿ ಸಂಬಳದ ಕೆಲಸ ಸಿಕ್ಕಿದರೆ ಹೋಗಿ. ಆದರೆ ಹೋಗುವುದು ಸಂಬಳಕ್ಕಾಗಿ ಇರಲಿ.

ಉಡುಗೊರೆಯ ವಿಷಯಕ್ಕೆ ಒಂದು ಮಾತು. ಹೆಸರು, ಅದರ ಮುಂದೆ ಮೊತ್ತ ಬರೆದ ಪಟ್ಟಿ ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗುತ್ತದಲ್ಲ, ಅದು ಕೆಟ್ಟ ಪದ್ಧತಿ. 500 ಹಾಕಿದವರಲ್ಲೂ ಮೇಲಿನ ಹೆಸರುಗಳನ್ನು ನೋಡಿ ಮನಸ್ಸಿಲ್ಲದೆ ಹಾಕಿದವರು ಇರುತ್ತಾರೆ. ಮುಂದಿನ ಸಲ ಯಾರದಾದರೂ ಮದುವೆಯೋ ಸೀಮಂತವೋ ಬಂದಾಗ ಪಟ್ಟಿ ಬೇಡ, ಒಂದು ಕವರ್ ತಿರುಗಿಸೋಣ, ಎಷ್ಟಾದರೂ ಹಾಕಲಿ ಎಂದು ನೀವೇ ಹೇಳಿ. ದುಡ್ಡು ಎಣಿಸಿ ಉಡುಗೊರೆ ತರುವ ಜವಾಬ್ದಾರಿಯನ್ನೂ ನೀವೇ ತಗೊಳ್ಳಿ. ಅಕೌಂಟ್ಸಿನವರು ತಾನೇ, ಯಾರೂ ಬೇಡ ಅನ್ನುವುದಿಲ್ಲ.