ಐ-ಲೀಗ್‌ನಲ್ಲಿ ಒಂದು ಸೀಸನ್ ಆಡಲು ಡಿಗ್ರಿ ಬಿಡಬಹುದಾ?

ನೀವು ಮಾಲೂರಿನವರು, ವಯಸ್ಸು ಇಪ್ಪತ್ತು, ಬಿ.ಕಾಂ. ಎರಡನೇ ವರ್ಷ, ಫುಟ್‌ಬಾಲ್‌ನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವವರು. ದೇಶದ ಎರಡನೇ ಹಂತದ ಲೀಗ್ ಆದ ಐ-ಲೀಗ್‌ನ ಕ್ಲಬ್ಬೊಂದು ಒಂದು ಸೀಸನ್‌ಗೆ ಕರೆದಿದೆ, ಅಮ್ಮ ಮೊದಲು ಡಿಗ್ರಿ ಮುಗಿಸು ಅಂತಿದ್ದಾರೆ. ನಿಮ್ಮ ಪತ್ರ ಓದುತ್ತಿದ್ದ ಹಾಗೇ ಎದೆ ಧಸಕ್ ಅಂತು. ಊರು, ಓದು, ಒಂದೆರಡು ವರ್ಷ ವಯಸ್ಸು ಬದಲಾಯಿಸಿದರೆ ಇದು 2018ರ ನಾನೇ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಆಟ ಕಲಿತಿದ್ದು ಕೆಜಿಎಫ್‌ನಲ್ಲಿ. ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು, ಫುಟ್‌ಬಾಲ್ ಮಾತ್ರ ಅಲ್ಲಿ ನಿಲ್ಲಲಿಲ್ಲ. ಹಿಂದೆ ಶಿಫ್ಟ್ ಮುಗಿಸಿ ಬಂದು ಆಡುತ್ತಿದ್ದ ಹಿರಿಯರೇ ನಮಗೆ ಕಲಿಸಿದರು. ಅವರು ತಮಿಳಿನಲ್ಲಿ ಬೈಯುತ್ತಿದ್ದರು, ನಾವು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದೆವು, ರೆಫರಿ ಜೊತೆ ಜಗಳ ಕನ್ನಡದಲ್ಲಿ. ಅಂಥ ಮೈದಾನದಲ್ಲಿ ಬೆಳೆದವನಿಗೆ ಕ್ಲಬ್ ಕರೆದರೆ ಬೇರೇನೂ ಕಿವಿಗೆ ಬೀಳಲ್ಲ.

2018ರ ಶುರುವಿನಲ್ಲಿ ಬೆಂಗಳೂರಿನಲ್ಲಿ ಎರಡು ದಿನ ಟ್ರಯಲ್ಸ್ ಇತ್ತು. ಹೊರ ರಾಜ್ಯದ ಕ್ಲಬ್, ಹೆಸರು ಬೇಡ. ಬೆಳಗಿನ ಪ್ಯಾಸೆಂಜರ್ ಹತ್ತಿ ಟೇಕಲ್, ನಿಮ್ಮ ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್ ಅಂತ ಬಾಗಿಲ ಹತ್ತಿರ ನಿಂತೇ ಹೋದೆ. ಕೆಲಸಕ್ಕೆ ಹೋಗುವವರ ನಡುವೆ ಬೂಟಿನ ಚೀಲ ಕಾಲ ಮಧ್ಯೆ ಇಟ್ಟುಕೊಂಡಿದ್ದೆ. ಎರಡನೇ ದಿನ ಸಂಜೆ ಆಯ್ಕೆಯಾದವರ ಹೆಸರು ಓದಿದರು. ನನ್ನದು ಕೊನೆಯ ಹೆಸರು.

ಈಗ ನಾನು ಮಾಡಿದ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಮೈದಾನದ ಹೊರಗೆ ಒಂದು ಕಾರು ನಿಂತಿತ್ತು. ಟೀಮ್ ಮ್ಯಾನೇಜರ್ ಅದರ ಬಾನೆಟ್ ಮೇಲೆ ಕಾಗದಗಳನ್ನು ಇಟ್ಟಿದ್ದರು. ಗಾಳಿಗೆ ಹಾರಬಾರದು ಅಂತ ಮೇಲೆ ನೀರಿನ ಬಾಟಲಿ. ಒಟ್ಟು ಮೂರು ಹಾಳೆ. ಮೊದಲಿನ ಎರಡನ್ನು ಹಿಂದಕ್ಕೆ ಮಡಚಿದ್ದರು, ನನಗೆ ಕಾಣುತ್ತಿದ್ದದ್ದು ಮೂರನೆಯದು, ಸಹಿ ಹಾಕುವ ಹಾಳೆ ಮಾತ್ರ. ಬಾನೆಟ್ ಇನ್ನೂ ಬಿಸಿಯಿತ್ತು, ಕೈ ಊರಿದಾಗ ಚುರುಕ್ ಅಂದದ್ದು ಇವತ್ತಿಗೂ ನೆನಪಿದೆ. 'ಒಂದು ಸೀಸನ್, ತಿಂಗಳಿಗೆ ಹದಿನೆಂಟು ಸಾವಿರ, ಊಟ ವಸತಿ ನಮ್ಮದು' ಅಂದರು. ಹಿಂದೆ ಇನ್ನೂ ನಾಲ್ಕು ಹುಡುಗರು ಕಾಯುತ್ತಿದ್ದರು. ನಾನು ಹಾಳೆ ತಿರುಗಿಸಿ ಓದುತ್ತಾ ನಿಂತರೆ ಇವನಿಗೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೇನೋ, ನನ್ನ ಬದಲು ಹಿಂದಿನವನನ್ನು ತೆಗೆದುಕೊಳ್ಳುತ್ತಾರೇನೋ ಅನ್ನಿಸಿತು. ಸಹಿ ಹಾಕಿಬಿಟ್ಟೆ. 'ಸರ್, ಒಂದು ಕಾಪಿ' ಅಂದೆ. 'ವಾಟ್ಸಾಪ್ ಮಾಡ್ತೀವಿ' ಅಂದರು. ನನ್ನ ಫೋನು ಚೀಲದಲ್ಲೇ ಇತ್ತು, ತೆಗೆದು ಮೂರು ಫೋಟೊ ಹೊಡೆಯಲು ಅರ್ಧ ನಿಮಿಷ ಸಾಕಿತ್ತು. ಹೊಡೆಯಲಿಲ್ಲ.

ನಮ್ಮಪ್ಪ ಟೊಮೆಟೊ ಬೆಳೆಯುವವರು. ಕೋಲಾರದ ಎಪಿಎಂಸಿಗೆ ಹದಿನೈದು ಕೆಜಿ ಬಾಕ್ಸ್‌ಗಳನ್ನು ಹಾಕಿ, ಹರಾಜು ಮುಗಿದು, ಎಷ್ಟು ಬಾಕ್ಸ್, ಏನು ರೇಟು ಅಂತ ಬರೆದ ಚೀಟಿ ಕೈಗೆ ಬರುವ ತನಕ ಮಂಡಿ ಬಿಟ್ಟು ಕದಲುತ್ತಿರಲಿಲ್ಲ. ಮಂಡಿಯವರು ಇಪ್ಪತ್ತು ವರ್ಷದ ಪರಿಚಯ, ಆದರೂ ಚೀಟಿ ಬೇಕು. ಮನೆಯಲ್ಲಿ ಆ ಚೀಟಿಗಳನ್ನು ಚುಚ್ಚಿಡಲು ಒಂದು ತಂತಿ ಇದೆ. ಅಂಥ ಮನೆಯಿಂದ ಹೋದ ನಾನು ನನ್ನ ಎರಡು ವರ್ಷವನ್ನು ಚೀಟಿ ಇಲ್ಲದೆ ಕೊಟ್ಟು ಬಂದೆ. ಹೌದು, ಎರಡು ವರ್ಷ. ಮಡಚಿದ ಹಾಳೆಯಲ್ಲಿ ಇದ್ದದ್ದು ಎರಡು ಸೀಸನ್. ಅದು ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ.

ನಮ್ಮ ಕ್ಲಬ್ ಆಡುತ್ತಿದ್ದ ಲೀಗನ್ನು ಆಗ ಐ-ಲೀಗ್ ಸೆಕೆಂಡ್ ಡಿವಿಷನ್ ಅನ್ನುತ್ತಿದ್ದರು, ಐ-ಲೀಗ್‌ಗಿಂತ ಒಂದು ಹಂತ ಕೆಳಗೆ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಕ್ಲಬ್‌ಗಳ ರಿಸರ್ವ್ ತಂಡಗಳೂ ಆಡುತ್ತಿದ್ದವು, ಆದರೆ ಅವು ಎಷ್ಟೇ ಗೆದ್ದರೂ ಮೇಲಕ್ಕೆ ಹೋಗುವಂತಿರಲಿಲ್ಲ. ಅವರಿಗೆ ಫಿಸಿಯೊ ಇದ್ದರು, ಐಸ್ ಪೆಟ್ಟಿಗೆ ಇತ್ತು. ನಮ್ಮಲ್ಲಿ ಮೂರು ಜನಕ್ಕೆ ಒಂದು ರೋಲ್ ಟೇಪು. ಕಣಕಾಲಿಗೆ ಎಷ್ಟು ಸುತ್ತು ಬೇಕು ಅಂತ ಮೊದಲೇ ಲೆಕ್ಕ ಹಾಕಿ, ಹಲ್ಲಿನಲ್ಲಿ ಹರಿದು ಪಕ್ಕದವನಿಗೆ ಕೊಡುತ್ತಿದ್ದೆವು. ರಾತ್ರಿಯೆಲ್ಲ ಸ್ಲೀಪರ್ ಕೋಚಿನಲ್ಲಿ ಪ್ರಯಾಣ, ಮಧ್ಯಾಹ್ನದ ಬಿಸಿಲಿನಲ್ಲಿ ಪಂದ್ಯ. ನಾನು ಆಡಿದ್ದು ಆರು ಪಂದ್ಯ, ಅದರಲ್ಲಿ ಪೂರ್ತಿ ತೊಂಬತ್ತು ನಿಮಿಷ ಎರಡರಲ್ಲಿ. ಮೊದಲನೆಯದರಲ್ಲಿ ಎಪ್ಪತ್ತನೇ ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿದೆ. ಎದುರಿನ ವಿಂಗರ್ ಮೊದಲ ಸಲವೇ ನನ್ನನ್ನು ಒಳಗೆ ಎಳೆದು ಹೊರಗಿನಿಂದ ಹೊರಟುಹೋದ. ಎರಡನೇ ಸಲ ಕಾಲು ಹಾಕದೆ ಕಾದೆ. ಅವನು ಚೆಂಡನ್ನು ಒಂದು ಗೇಣು ಜಾಸ್ತಿ ಮುಂದೆ ತಳ್ಳಿದ, ಅಷ್ಟೇ ಸಾಕಾಯಿತು. ಚೆಂಡು ಕಿತ್ತುಕೊಂಡು ಮುಂದೆ ಕೊಟ್ಟೆ. ಬೆಂಚಿನಿಂದ ಯಾರೋ ನನ್ನ ಹೆಸರು ಕೂಗಿದರು. ಆ ಒಂದು ಕೂಗಿಗೋಸ್ಕರ ಮತ್ತೆ ಹೋಗು ಅಂದರೂ ಹೋಗುತ್ತೇನೆ. ಅದಕ್ಕೇ ನಿಮಗೆ 'ಹೋಗಬೇಡಿ' ಅಂತ ನಾನು ಹೇಳಲ್ಲ.

ಎರಡು ತಿಂಗಳು ಸಂಬಳ ಬಂತು. ಮೂರನೇ ತಿಂಗಳಿಂದ ನಿಂತಿತು. ಕೇಳಿದಾಗೆಲ್ಲ 'ಮುಂದಿನ ವಾರ', 'ಸ್ಪಾನ್ಸರ್ ಹಣ ಬರಬೇಕು', 'ಸೋಮವಾರ ಖಂಡಿತ' ಅನ್ನುತ್ತಿದ್ದರು. ನಮ್ಮ ತಂಡ ಗುಂಪಿನ ಹಂತದಲ್ಲೇ ಹೊರಬಿತ್ತು, ಎಲ್ಲರನ್ನೂ ಊರಿಗೆ ಕಳಿಸಿದರು. ಆ ವರ್ಷದ ಕೊನೆಯ ಸುತ್ತು ನಡೆದದ್ದು ನಮ್ಮ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲೇ. ಮೇ 30ರಂದು ರಿಯಲ್ ಕಾಶ್ಮೀರ್ ತಂಡ ಹಿಂದೂಸ್ತಾನ್ ಎಫ್‌ಸಿಯನ್ನು 3-2ರಿಂದ ಸೋಲಿಸಿ ಐ-ಲೀಗ್‌ಗೆ ಏರಿತು. ಜಮ್ಮು ಕಾಶ್ಮೀರದಿಂದ ಅಲ್ಲಿಗೆ ಏರಿದ ಮೊದಲ ತಂಡ. ನಾನು ಗ್ಯಾಲರಿಯಲ್ಲಿ ಕೂತು ನೋಡಿದೆ. ಆ ಹುಡುಗರು ಅಪ್ಪಿಕೊಂಡು ಅಳುತ್ತಿದ್ದಾಗ ನನಗೂ ಕಣ್ಣು ತುಂಬಿತು. ಒಂದು ಒಳ್ಳೆಯ ಸೀಸನ್ ಏನು ಮಾಡಬಲ್ಲದು ಅಂತ ಅವತ್ತು ಕಣ್ಣಾರೆ ಕಂಡೆ.

ನನ್ನ ರೂಮಿನಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ಅವನಿಗೂ ಅಷ್ಟೇ ತಿಂಗಳ ಬಾಕಿ. ಆದರೆ ಅವನು ಸಹಿ ಹಾಕುವಾಗಲೇ ಒಪ್ಪಂದದ ಒಂದು ಪ್ರತಿ ಹಟ ಹಿಡಿದು ಇಸಕೊಂಡಿದ್ದ. ಅದನ್ನು ಲಗತ್ತಿಸಿ ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ದೂರು ಕೊಟ್ಟ. ತಡವಾಯಿತು, ಆದರೆ ಹಣ ಬಂತು. ನಾನೂ ದೂರು ಬರೆಯೋಣ ಅಂತ ಕೂತೆ. ಒಪ್ಪಂದದ ಪ್ರತಿ ಎಲ್ಲಿದೆ ಅಂದರೆ ಏನು ಹೇಳಲಿ? ವಾಟ್ಸಾಪ್‌ನಲ್ಲಿ 'ಸರ್ ಕಾಪಿ ಪ್ಲೀಸ್' ಅಂತ ನಾನು ಕಳಿಸಿದ ಒಂಬತ್ತು ಮೆಸೇಜ್ ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ಕೈಬಿಟ್ಟೆ.

ಹಣ ಹೋದರೆ ಹೋಯಿತು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬೆಂಗಳೂರಿನ ಸೂಪರ್ ಡಿವಿಷನ್ ಕ್ಲಬ್ಬೊಂದು ನನ್ನನ್ನು ಕರೆಯಿತು. ಮನೆಗೆ ಹತ್ತಿರ, ರೈಲಿನಲ್ಲಿ ಹೋಗಿ ಬರಬಹುದು, ಓದೂ ಮುಗಿಸಬಹುದು. ಖುಷಿಯಿಂದ ಹೋದೆ. ಅವರು ಸಿಆರ್‌ಎಸ್‌ನಲ್ಲಿ, ಅಂದರೆ ಆಟಗಾರರ ಆನ್‌ಲೈನ್ ನೋಂದಣಿಯಲ್ಲಿ, ನನ್ನ ಹೆಸರು ಹಾಕಿ ನೋಡಿ, 'ನೀನು ಇನ್ನೂ ಆ ಕ್ಲಬ್ಬಿನವನೇ, ಮುಂದಿನ ವರ್ಷದ ತನಕ' ಅಂದರು. ಹಳೇ ಕ್ಲಬ್ಬಿನಿಂದ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲ ಅನ್ನುವ ಪತ್ರ ತರಬೇಕು. ಹಳೇ ಕ್ಲಬ್ಬಿನವರು ಫೋನ್ ಎತ್ತಲಿಲ್ಲ. ಪತ್ರ ಬರೆದೆ, ಪರಿಚಯದವರಿಂದ ಹೇಳಿಸಿದೆ. ಅಷ್ಟರಲ್ಲಿ ನೋಂದಣಿಯ ಗಡುವು ಮುಗಿಯಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಇಡೀ ವರ್ಷ ಬರೀ ಊರ ಟೂರ್ನಮೆಂಟ್. ಆ ವಯಸ್ಸಿನ ಒಂದು ವರ್ಷ ಅಂದರೆ ಏನು ಅಂತ ಆಟಗಾರನಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮತ್ತೆ ಆ ಮಟ್ಟಕ್ಕೆ ನಾನು ಹತ್ತಲೇ ಇಲ್ಲ.

ಇನ್ನೊಂದು ವಿಷಯ. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ಕೊಟ್ಟು, ಆಟಗಾರ ಒಪ್ಪಂದ ಮುರಿದುಕೊಳ್ಳಬಹುದು ಅನ್ನುವ ನಿಯಮವನ್ನು ಫಿಫಾ ತಂದಿದ್ದು 2018ರ ಜೂನ್ 1ರಿಂದ. ನಾನು ಗ್ಯಾಲರಿಯಲ್ಲಿ ಕೂತಿದ್ದ ದಿನಕ್ಕೆ ಎರಡೇ ದಿನ ಆಚೆ. 2006ರಿಂದ ಆಟಗಾರರ ಸಂಘವೂ ಇದೆ, ಬೈಚುಂಗ್ ಭುಟಿಯಾ ಅದರ ಮೊದಲ ಅಧ್ಯಕ್ಷರಾಗಿದ್ದವರು. ಎಫ್‌ಪಿಎಐ ಅನ್ನುತ್ತಾರೆ. ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಾಯಿತು. ಆದರೆ ಇವೆಲ್ಲ ಕೆಲಸಕ್ಕೆ ಬರಬೇಕಾದರೆ ಕೈಯಲ್ಲಿ ಆ ಕಾಗದ ಇರಬೇಕು.

ಹಾಗಾಗಿ ಡಿಗ್ರಿನಾ ಫುಟ್‌ಬಾಲಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಸೀಸನ್ ಅಂದರೆ ಕೆಲವು ತಿಂಗಳು. ಡಿಗ್ರಿ ಎಲ್ಲೂ ಓಡಿಹೋಗಲ್ಲ. ನಾನು ಬಿ.ಎ. ಕೊನೆಯ ವರ್ಷ ಬಿಟ್ಟು ಹೋದವನು, ಬಂದು ಉಳಿದ ಪೇಪರ್‌ಗಳನ್ನು ಕಟ್ಟಿ ಪಾಸಾದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ಕಂಡು ಹಾಜರಾತಿ ವಿಷಯ ಮಾತಾಡಿ, ಆಗಲ್ಲ ಅಂದರೆ ಮುಕ್ತ ವಿಶ್ವವಿದ್ಯಾಲಯ ಇದೆ. ಅಮ್ಮನಿಗೂ ಇದನ್ನೇ ಹೇಳಿ. ಅವರ ಭಯ ಡಿಗ್ರಿಯದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಮಗ ಎಲ್ಲಿರುತ್ತಾನೆ, ಯಾರ ಜೊತೆ, ಕಾಲು ಮುರಿದರೆ ಆಸ್ಪತ್ರೆ ಖರ್ಚು ಯಾರದು ಅನ್ನುವ ಭಯ ಅದು. ಒಪ್ಪಂದದ ಕಾಗದವನ್ನು ಅವರ ಮುಂದೆ ಇಟ್ಟು, ಸಾಲು ಸಾಲು ಓದಿ ಹೇಳಿ. ಯಾವ ತಾರೀಕಿನಿಂದ ಯಾವ ತಾರೀಕಿಗೆ, ಸಂಬಳ ತಿಂಗಳ ಎಷ್ಟನೇ ದಿನಕ್ಕೆ, ಗಾಯವಾದರೆ ಏನು, ಸಹಿ ಹಾಕಿದವರು ಯಾರು, ಕ್ಲಬ್ಬಿನ ಮುದ್ರೆ ಇದೆಯಾ. ಅದು ಆ ಕಾಗದದಲ್ಲಿ ಇಲ್ಲದಿದ್ದರೆ, ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಎರಡನೇ ಹಂತ ಅಂತ ಹಿಂಜರಿಯುತ್ತಿದ್ದೀರಿ, ಐಎಸ್‌ಎಲ್ ಕರೆಗೆ ಕಾಯಲಾ ಅಂತಲೂ ಕೇಳಿದ್ದೀರಿ. ಕಾಯಬೇಡಿ. 2022-23ರಿಂದ ಐ-ಲೀಗ್ ಗೆದ್ದವರು ಐಎಸ್‌ಎಲ್‌ಗೆ ಏರುವ ದಾರಿ ತೆರೆಯಿತು. ಪಂಜಾಬ್ ಹಾಗೆ ಹೋಯಿತು, ಮರುವರ್ಷ ಮೊಹಮ್ಮಡನ್ ಹೋಯಿತು. ಇಳಿಯುವುದೂ ಅಷ್ಟೇ ನಿಜ. ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2024ರಲ್ಲಿ ಮೂರನೇ ಹಂತ ಗೆದ್ದು ಐ-ಲೀಗ್‌ಗೆ ಬಂತು, ಒಂದೇ ಸೀಸನ್‌ಗೆ ಕೆಳಗಿಳಿಯಿತು. ಪ್ರತಿ ಪಂದ್ಯಕ್ಕೂ ಏನೋ ಒಂದು ಪಣಕ್ಕಿರುತ್ತದೆ. ಇಪ್ಪತ್ತನೇ ವಯಸ್ಸಿನ ಹುಡುಗ ದೊಡ್ಡ ಕ್ಲಬ್ಬಿನ ಬೆಂಚ್ ಮೇಲೆ ಕೂರುವುದಕ್ಕಿಂತ ಅಲ್ಲಿ ಆಡುವುದು ಸಾವಿರ ಪಾಲು ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾಗದದ ವಿಷಯ ಇವನು ಸುಮ್ನೆ ಎಳೆಯುತ್ತಿದ್ದಾನೆ ಅನ್ನಿಸಿದರೆ 2024-25ರ ಐ-ಲೀಗ್ ನೆನಪಿಸಿಕೊಳ್ಳಿ. ಪಾಯಿಂಟ್ ಪಟ್ಟಿಯಲ್ಲಿ ಮೇಲಿದ್ದದ್ದು ಚರ್ಚಿಲ್ ಬ್ರದರ್ಸ್. ಆಡಬಾರದ ಆಟಗಾರನನ್ನು ಎದುರಾಳಿ ಇಳಿಸಿತ್ತು ಅಂತ ಇಂಟರ್ ಕಾಶಿ ಒಂದು ಪಂದ್ಯದ ಬಗ್ಗೆ ದೂರು ಕೊಟ್ಟಿತು. ಜಗಳ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯ ತನಕ ಹೋಗಿ, 2025ರ ಜುಲೈನಲ್ಲಿ ಇಂಟರ್ ಕಾಶಿಯೇ ಚಾಂಪಿಯನ್ ಅಂತ ಆಯಿತು. ಇಡೀ ಲೀಗಿನ ಪಟ್ಟವೇ ಕಾಗದದ ಮೇಲೆ ತೀರ್ಮಾನವಾದ ಆಟ ಇದು.

ನಾನೀಗ ಹಗಲು ಅಪ್ಪನ ಜೊತೆ ತೋಟ, ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಹೋದ ವರ್ಷ ನಮ್ಮ ಹುಡುಗನೊಬ್ಬನಿಗೆ ಬೆಂಗಳೂರಿನ ಕ್ಲಬ್ ಕರೆ ಬಂತು. ಸಹಿಯ ದಿನ ಜೊತೆಗೆ ಹೋಗಿ, ಪ್ರತಿ ಹಾಳೆಯನ್ನೂ ಓದಿಸಿ, ಮುದ್ರೆ ಹಾಕಿದ ಪ್ರತಿ ಕೈಗೆ ಬಂದ ಮೇಲೇ ಎದ್ದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಕಾಫಿ ಕೂಡ ಕೊಟ್ಟರು.

ನಿಮಗೆ ಸಹಿ ಯಾವಾಗ ಅಂತ ಬರೆದಿಲ್ಲ. ಅದಕ್ಕೆ ಮೊದಲು ಒಂದು ಭಾನುವಾರ ರೈಲು ಹತ್ತಿ ಬನ್ನಿ, ಮಾಲೂರಿನಿಂದ ಟೇಕಲ್ ದಾಟಿದರೆ ಬಂಗಾರಪೇಟೆ. ಕಾಗದ ತನ್ನಿ, ಕೂತು ಓದೋಣ. ಬೂಟೂ ತನ್ನಿ. ನಮ್ಮ ಮಕ್ಕಳಲ್ಲಿ ಇಬ್ಬರು ಎಡಗಾಲಿನವರಿದ್ದಾರೆ, ಅವರ ಜೊತೆ ಅರ್ಧ ಗಂಟೆ ಆಡಿಕೊಂಡು ಹೋಗಿ.