ಲೋಗೋ ಬಂದು ನಿಲ್ಲುವ ಲ್ಯಾಪ್‌ಟಾಪ್: ಫಾರ್ಮ್ಯಾಟ್‌ಗೆ ಅವಸರ ಬೇಡ

ಪ್ರಶ್ನೆ: ನಮ್ಮ ಮನೆಯ ಐದು ವರ್ಷ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಮಳೆಗಾಲ ಹಿಡಿದಾಗಿನಿಂದ ಸರಿಯಾಗಿ ಆನ್ ಆಗುತ್ತಿಲ್ಲ. ಪವರ್ ಬಟನ್ ಒತ್ತಿದರೆ ದೀಪ ಹತ್ತಿ ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಇರುತ್ತದೆ. ಕೆಲವು ದಿನ ಕಂಪನಿಯ ಲೋಗೋ ಬಂದು, ಅದರ ಕೆಳಗೆ ಚುಕ್ಕೆಗಳು ಸುತ್ತುತ್ತ ಅಲ್ಲಿಗೇ ನಿಂತುಬಿಡುತ್ತದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅಡಿಕೆ ವ್ಯವಹಾರದ ಲೆಕ್ಕವೂ ಮಗಳ ಪ್ರಾಜೆಕ್ಟ್ ವರದಿಯೂ ಅದರಲ್ಲೇ ಇವೆ. ಏನು ಮಾಡಬೇಕು?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಫಾರ್ಮ್ಯಾಟ್‌ಗೆ ದಯವಿಟ್ಟು ಈಗಲೇ ಒಪ್ಪಬೇಡಿ. ಬಟನ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ (ಒಳಗಿನ ಮುಖ್ಯ ಹಲಗೆಯ) ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ. ಅದು ಪ್ರೊಸೆಸರ್, ರ್‍ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ನೆನಪಿನ ಕಡ್ಡಿ) ಮುಂತಾದವನ್ನು ಪರೀಕ್ಷಿಸಿ, ಲೋಗೋ ತೋರಿಸಿ, ಆಮೇಲಷ್ಟೇ ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಕೆಲಸ ಒಪ್ಪಿಸುತ್ತದೆ. ಲೋಗೋ ಕೂಡ ಕಾಣದ ದಿನ ಸರದಿ ಇನ್ನೂ ವಿಂಡೋಸ್‌ವರೆಗೆ ಬಂದೇ ಇರುವುದಿಲ್ಲವಾದ್ದರಿಂದ, ಅದನ್ನು ಅಳಿಸಿ ಹೊಸದಾಗಿ ಹಾಕಿದರೂ ಆ ದೋಷ ಹಾಗೆಯೇ ಉಳಿಯುತ್ತದೆ. ಹೋಗುವುದು ನಿಮ್ಮ ಲೆಕ್ಕಪತ್ರ ಮಾತ್ರ.

ಮೊದಲು ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ತೆಗೆದು, ಪವರ್ ಬಟನ್ಅನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಿರಿ. ಬಳಿಕ ಚಾರ್ಜರ್ ಮಾತ್ರ ಜೋಡಿಸಿ ಆನ್ ಮಾಡಿ. ಕರೆಂಟು ಪದೇ ಪದೇ ಹೋಗಿ ಬರುವ ನಮ್ಮ ಕಡೆ, ಒಳಗೆ ಉಳಿದ ವಿದ್ಯುತ್ತಿನಿಂದ ಸಿಕ್ಕಿಹಾಕಿಕೊಂಡ ಯಂತ್ರ ಇಷ್ಟಕ್ಕೇ ಸರಿಹೋಗುವುದುಂಟು. ಪರದೆ ಆಗಲೂ ಕಪ್ಪಾಗಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಪರದೆಯನ್ನು ನೋಡಿ: ಅಕ್ಷರಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಪರದೆಯ ಹಿಂಬೆಳಕು. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದಾಗ ಅಲ್ಲಿ ಚಿತ್ರ ಮೂಡಿದರೂ ದೋಷ ಪರದೆಯ ಕಡೆಯದೇ, ನಿಮ್ಮ ಕಡತಗಳು ಕ್ಷೇಮ.

ಎರಡೂ ಕಡೆ ಏನೂ ಕಾಣದಿದ್ದರೆ ನನ್ನ ಮೊದಲ ಅನುಮಾನ ರ್‍ಯಾಮ್ ಮೇಲೆ. ಮಲೆನಾಡಿನ ಆಷಾಢದ ತೇವದಲ್ಲಿ ಅದರ ಲೋಹದ ಅಂಚಿಗೂ ಸ್ಲಾಟಿಗೂ ನಡುವಿನ ಸಂಪರ್ಕ ಕೆಡಬಹುದು. ಒಂದು ದಿನ ಲೋಗೋ ಬಂದು ಇನ್ನೊಂದು ದಿನ ಬಾರದಿರುವುದು ಇಂಥ ಅರೆಬರೆ ಸಂಪರ್ಕಕ್ಕೆ ಹೊಂದುವ ಲಕ್ಷಣ. ತಿಳಿದವರಿಂದ ಹಿಂಬದಿ ಬಿಚ್ಚಿಸಿ, ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ರ್‍ಯಾಮ್ ಕಡ್ಡಿಯನ್ನು ಹೊರತೆಗೆದು ಒಣ ಬಟ್ಟೆಯಿಂದ ಒರೆಸಿ, ಟಕ್ಕೆಂದು ಕೂರುವಂತೆ ಮತ್ತೆ ಹಾಕಿಸಿ. ಎರಡು ಕಡ್ಡಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂಬುದು ತಿಳಿಯುತ್ತದೆ. ತೇವ ಆರಲೆಂದು ಲ್ಯಾಪ್‌ಟಾಪನ್ನು ಬಚ್ಚಲೊಲೆಯ ಹತ್ತಿರವೋ ಅಡಿಕೆ ಒಣಗಿಸುವ ಅಟ್ಟದ ಮೇಲೋ ಇಡುವುದನ್ನು ಮಾತ್ರ ಖಂಡಿತ ಮಾಡಬೇಡಿ. ಲಿಥಿಯಂ ಬ್ಯಾಟರಿಗೆ ಆ ಬಿಸಿ ಅಪಾಯಕಾರಿ, ಹೊಗೆಯ ಮಸಿ ಫ್ಯಾನಿಗೆ ಅಂಟುತ್ತದೆ.

ಚುಕ್ಕೆಗಳು ಸುತ್ತುವಲ್ಲಿಗೆ ನಿಂತರೆ ವಿಚಾರ ಬೇರೆ. ಅಲ್ಲಿ ಡಿಸ್ಕ್ ಅಥವಾ ವಿಂಡೋಸ್ ಕಡತಗಳನ್ನು ಅನುಮಾನಿಸಬೇಕು, ರ್‍ಯಾಮ್ ಕೂಡ ಕಾರಣವಾಗಿರಬಹುದು. ಚುಕ್ಕೆಗಳು ಸುತ್ತುತ್ತಿರುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ 10 ಮತ್ತು 11 ತಾವಾಗಿಯೇ ದುರಸ್ತಿಯ ಪರದೆಯನ್ನು ತೆರೆಯುತ್ತವೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ದಾಟಿ ಸ್ಟಾರ್ಟಪ್ ರಿಪೇರ್ ಆರಿಸಿ. ಅದು ನಿಮ್ಮ ಕಡತಗಳನ್ನು ಮುಟ್ಟುವುದಿಲ್ಲ. ಅದರಿಂದ ಫಲವಾಗದಿದ್ದರೆ ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ, ಅಂದರೆ ತೀರ ಅಗತ್ಯದ ಭಾಗಗಳಷ್ಟರಿಂದಲೇ ವಿಂಡೋಸ್ ತೆರೆಯುವ ಸ್ಥಿತಿಗೆ ಹೋಗಿ, ತೆರೆದುಕೊಂಡ ಕೂಡಲೇ ಬೇರಾವ ಕೆಲಸಕ್ಕೂ ಮುನ್ನ ಲೆಕ್ಕವನ್ನೂ ವರದಿಯನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಟ್ರಬಲ್‌ಶೂಟ್ ಪಟ್ಟಿಯಲ್ಲಿರುವ, ವಿಂಡೋಸನ್ನು ಹೊಸದಾಗಿ ಹಾಕುವ ರಿಸೆಟ್ ದಿಸ್ ಪಿಸಿಯನ್ನು ಸದ್ಯ ಒತ್ತಬೇಡಿ. ಹಳೆಯ ಬಗೆಯ ಹಾರ್ಡ್‌ಡಿಸ್ಕ್ ಇದ್ದು ಟಿಕ್ ಟಿಕ್ ಸದ್ದು ಕೇಳಿಸಿದರೆ ಮತ್ತೆ ಮತ್ತೆ ಆನ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಸಾಯುತ್ತಿರುವ ಡಿಸ್ಕ್ ಪ್ರತಿ ಪ್ರಯತ್ನದಲ್ಲೂ ಇನ್ನಷ್ಟು ಮಾಹಿತಿಯನ್ನು ಕಳೆದುಕೊಳ್ಳಬಹುದು.

ಇದ್ಯಾವುದೂ ಕೈಗೂಡದಿದ್ದರೆ ಶಿವಮೊಗ್ಗಕ್ಕೆ ಒಯ್ದು, ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಟ್ಟ ಬಳಿಕವೇ ಉಳಿದ ಕೆಲಸಕ್ಕೆ ಕೈಹಾಕಬೇಕೆಂದು ಸ್ಪಷ್ಟವಾಗಿ ಹೇಳಿ, ರಸೀದಿಯ ಮೇಲೂ ಬರೆಸಿ. ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಗೂಢಲಿಪಿ ವ್ಯವಸ್ಥೆಯಿಂದ ಬೀಗ ಹಾಕಿಕೊಂಡಿದ್ದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪಿಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆಯಾದ್ದರಿಂದ, ಹೊರಡುವ ಮೊದಲು ಮಗಳ ಮೊಬೈಲಿನಲ್ಲಿ ಆ ಖಾತೆ ತೆರೆಸಿ ಕೀಲಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.