ಒಂಬತ್ತನೆಯ ಪುಟದಿಂದ ಶುರು ಮಾಡಿ

ಹಾಸನ

ಮಾನ್ಯರೇ,

ಮೂಡಿಗೆರೆಯಿಂದ ನೀವು ಕಳಿಸಿದ ‘ಜೀವವೈವಿಧ್ಯದ ವಿಸ್ಮಯಲೋಕ’ ಲೇಖನ ತಲುಪಿತು. ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಇಷ್ಟು ಬರೆದು ಹಸ್ತಪ್ರತಿಯನ್ನು ವಾಪಸು ಕಳಿಸುವುದು ನನ್ನ ರೂಢಿ. ನಿಮಗೆ ಉದ್ದದ ಉತ್ತರ ಬರೆಯುತ್ತಿರುವುದಕ್ಕೆ ಒಂಬತ್ತನೆಯ ಪುಟ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ. ‘ಮುಲಾಜಿಲ್ಲದೆ ಹೇಳಿ’ ಎಂದು ನೀವೇ ಕೇಳಿದ್ದೀರಿ. ಹಾಗೆ ಕೇಳುವವರಲ್ಲಿ ಹೆಚ್ಚಿನವರು ಮೆಚ್ಚುಗೆಯನ್ನೇ ಕಾಯುತ್ತಿರುತ್ತಾರೆ. ನೀವು ಆ ಪೈಕಿಯಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಪ್ರಾಣಿಗಳಲ್ಲಿ ಇಷ್ಟೊಂದು ಬಗೆಗಳು ಹೇಗೆ ಹುಟ್ಟಿದವು ಎಂಬುದನ್ನು ಚಿಟ್ಟೆಗಳ ಮೂಲಕ ಹುಡುಕುತ್ತಿರುವ ವಿಕಾಸ ವಿಜ್ಞಾನಿ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಕೃಷ್ಣಮೇಘ ಕುಂಟೆ ಅವರ ಕೆಲಸದ ಬಗ್ಗೆ ಬರೆಯುವುದಾಗಿ ಮೊದಲ ಪುಟದಲ್ಲೇ ಮಾತು ಕೊಡುತ್ತೀರಿ. ಹದಿನಾಲ್ಕು ಪುಟಗಳ ಲೇಖನದಲ್ಲಿ ಆ ಕೆಲಸಕ್ಕೆ ಸಿಕ್ಕಿರುವುದು ಆರು ಸಾಲು. ಉಳಿದದ್ದೆಲ್ಲ ಬೆರಗು. ‘ಅದ್ಭುತ’, ‘ವಿಸ್ಮಯ’, ‘ರೋಮಾಂಚನ’ ಇವೇ ಪುಟ ತುಂಬಿವೆ. ಹೇಗೆ ಎಂಬ ಪ್ರಶ್ನೆಯಿಂದ ಹೊರಟವರು ದಾರಿಯುದ್ದಕ್ಕೂ ‘ಎಷ್ಟು ಚೆಂದ’ ಎನ್ನುತ್ತಲೇ ಹೋಗಿದ್ದೀರಿ. ನನ್ನ ತಕರಾರು ಇದೊಂದೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ಮೊದಲು ಹಳೇಬೀಡು. ‘ಪ್ರಕೃತಿಯೆಂಬ ಜಕಣಾಚಾರಿ ಒಂದೊಂದು ಪ್ರಾಣಿಯನ್ನೂ ಕಡೆದು ನಿಲ್ಲಿಸಿದ್ದಾಳೆ’ ಎಂದು ಬರೆದಿದ್ದೀರಿ. ನಮ್ಮ ಜಿಲ್ಲೆಯ ಓದುಗರಿಗೆ ಇದು ಹಿತವಾಗಿ ಕೇಳುತ್ತದೆ, ಅದೇ ಅಪಾಯ. ಹಳೇಬೀಡಿನ ಗೋಡೆಯ ಮಕರವನ್ನು ನೆನಪು ಮಾಡಿಕೊಳ್ಳಿ. ಮೊಸಳೆಯ ಬಾಯಿ, ಆನೆಯ ಸೊಂಡಿಲಿನಂಥ ಮೂತಿ, ಹಿಂದೆ ನವಿಲಿನಂತೆ ಕೆದರಿದ ಬಾಲ. ಶಿಲ್ಪಿ ಯಾವ ಪ್ರಾಣಿಯಿಂದ ಬೇಕಾದರೂ ಅಂಗ ಎರವಲು ತರಬಲ್ಲ. ಪ್ರಾಣಿಗೆ ಆ ಸ್ವಾತಂತ್ರ್ಯವಿಲ್ಲ. ಅದು ತನ್ನ ಪೂರ್ವಿಕರಿಂದ ಬಂದದ್ದನ್ನೇ ತಿರುಚಿ, ಹಿಗ್ಗಿಸಿ, ಕುಗ್ಗಿಸಿ ಬದುಕಬೇಕು. ನಾಲ್ಕು ಕಾಲುಗಳನ್ನು ಉಳಿಸಿಕೊಂಡು ಬೆನ್ನ ಮೇಲೆ ಬೇರೆಯೇ ಒಂದು ಜೊತೆ ರೆಕ್ಕೆ ಬೆಳೆಸಿಕೊಂಡ ಬೆನ್ನೆಲುಬಿನ ಪ್ರಾಣಿ ಒಂದೂ ಇಲ್ಲ. ಹಾರಬೇಕಾದರೆ ಹಕ್ಕಿಯೂ ಬಾವಲಿಯೂ ಮುಂಗಾಲನ್ನು ತೆತ್ತಿವೆ. ನಿಮ್ಮೂರಿನ ಅಡಿಕೆ ತೋಟದ ಹಾರುವ ಓತಿ ಕಾಲನ್ನು ಬಿಟ್ಟುಕೊಡಲಿಲ್ಲ, ಪಕ್ಕೆಲುಬುಗಳನ್ನು ಹೊರಕ್ಕೆ ಚಾಚಿ ಅದರ ಮೇಲೆ ಚರ್ಮ ಹಿಡಿಸಿತು; ಆದ್ದರಿಂದ ಅದು ತೇಲುತ್ತದೆ, ಹಕ್ಕಿಯಂತೆ ರೆಕ್ಕೆ ಬಡಿಯಲಾರದು. (ಮೂಡಿಗೆರೆಯವರು ಹಾರುವ ಓತಿಯ ಬಗ್ಗೆ ಬರೆದರೆ ಓದುಗರು ‘ಕರ್ವಾಲೊ’ ಬರೆದ ತೇಜಸ್ವಿಯವರನ್ನೇ ನೆನೆಯುತ್ತಾರೆ ಎಂಬುದು ನಿಮಗೂ ಗೊತ್ತು. ಆದರೂ ಬರೆಯಿರಿ. ಆ ಧಾಟಿಯನ್ನು ಮಾತ್ರ ಎತ್ತಿಕೊಳ್ಳಬೇಡಿ. ನಿಮ್ಮ ಕಡೆಯಿಂದ ಬರುವ ಅರ್ಧ ಬರಹಗಳು ಅದರಲ್ಲೇ ಮುಳುಗಿರುತ್ತವೆ.) ವೈವಿಧ್ಯದ ಕಥೆಯಲ್ಲಿ ಸ್ವಾರಸ್ಯವಿರುವುದು ಈ ಕಟ್ಟುಪಾಡಿನಲ್ಲಿ. ಜಕಣಾಚಾರಿ ಬಂದ ಕೂಡಲೇ ಅದು ಮಾಯವಾಗುತ್ತದೆ. ಆ ಪ್ಯಾರಾವನ್ನು ತೆಗೆಯಿರಿ.

ಇನ್ನು ಒಂಬತ್ತನೆಯ ಪುಟ. ಕರಿಬೇವಿನ ಗಿಡದಿಂದ ಹಸಿರು ಹುಳು ಕಿತ್ತು ಎಸೆಯುತ್ತಿದ್ದ ನಿಮ್ಮ ಅಜ್ಜಿ, ‘ಮೊದಲು ಹಕ್ಕಿ ಹಿಕ್ಕೆಯ ಹಾಗಿರುತ್ತದೆ, ಆಮೇಲೆ ಎಲೆಯ ಹಾಗಾಗುತ್ತದೆ, ಕಳ್ಳ ಮುಂಡೇದು’ ಎಂದು ಬೈಯುತ್ತಿದ್ದರಲ್ಲ, ಆ ನಾಲ್ಕು ಸಾಲಿನಲ್ಲಿ ನಿಮ್ಮ ಇಡೀ ಲೇಖನಕ್ಕಿಂತ ಹೆಚ್ಚು ಜೀವಶಾಸ್ತ್ರವಿದೆ. ನೀವು ಗಮನಿಸಿದಂತೆ ಕಾಣಲಿಲ್ಲ: ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳು ಇರಬಹುದು. ಕರಿಬೇವು, ನಿಂಬೆ ಜಾತಿಯ ಗಿಡಗಳೇ ಅದರ ಊಟ. ಎಳೆಯ ಹುಳು ಹಿಕ್ಕೆಯಂತೆ, ಬೆಳೆದದ್ದು ಹಸಿರಾಗಿ ಇರುವುದೂ ಅದಕ್ಕೆ ಹೊಂದುತ್ತದೆ. ಕುಂಟೆ ಅವರ ಹೆಸರಾಂತ ಸಂಶೋಧನೆ ನಡೆದಿರುವುದು ಇದೇ ಚಿಟ್ಟೆಯ ಮೇಲೆ. ಅಜ್ಜಿ ಒಂಬತ್ತನೆಯ ಪುಟದಲ್ಲಿ, ವಿಜ್ಞಾನಿ ಹನ್ನೆರಡನೆಯ ಪುಟದಲ್ಲಿ. ಇಬ್ಬರನ್ನೂ ನೀವು ಭೇಟಿ ಮಾಡಿಸಲೇ ಇಲ್ಲ.

ಆ ಆರು ಸಾಲು ಏಕೆ ಸಾಲದು ಎಂದು ಹೇಳುತ್ತೇನೆ. ‘ಈ ಚಿಟ್ಟೆಯ ಹೆಣ್ಣು ಶತ್ರುಗಳಿಂದ ಪಾರಾಗಲು ವಿಷದ ಚಿಟ್ಟೆಯ ವೇಷ ಹಾಕಿಕೊಂಡಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಯಾವ ಚಿಟ್ಟೆಯೂ ಕುಳಿತು ಯೋಚಿಸಿ ವೇಷ ಹಾಕಲಿಲ್ಲ. ನಡೆದಿರುವುದು ಇಷ್ಟು: ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಎರಡು ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ಒಮ್ಮೆ ತಿಂದು ಕೆಟ್ಟ ಹಕ್ಕಿ ಆ ಕೆಂಪು-ಕಪ್ಪು ಬಣ್ಣವನ್ನು ಮತ್ತೆ ಮುಟ್ಟುವುದಿಲ್ಲ. ಮಾರ್ಮನ್‌ಗೆ ವಿಷವಿಲ್ಲ. ಅದರ ಗಂಡು ಒಂದೇ ಬಗೆ: ಕಪ್ಪು, ಹಿಂರೆಕ್ಕೆಯ ಮೇಲೆ ಬಿಳಿ ಮಚ್ಚೆಗಳ ಸಾಲು. ಹೆಣ್ಣಿನಲ್ಲಿ ನಮ್ಮ ಕಡೆ ಮೂರು ಬಗೆ: ಒಂದು ಗಂಡಿನ ಹಾಗೇ, ಒಂದು ಕಾಮನ್ ರೋಸ್‌ನ ಹಾಗೆ, ಒಂದು ಕ್ರಿಮ್ಸನ್ ರೋಸ್‌ನ ಹಾಗೆ. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ಬಗೆಯ ಹೆಣ್ಣುಗಳು ಹೊರಬರಬಹುದು. ಅರ್ಧಂಬರ್ಧ ಬೆರೆತದ್ದು ಮಾತ್ರ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಇಲ್ಲಿ ನಿಲ್ಲಿ. ಓದುಗನನ್ನೂ ನಿಲ್ಲಿಸಿ. ರೆಕ್ಕೆಯ ಬಿಳಿ ಪಟ್ಟೆ, ಕೆಂಪು ಮಚ್ಚೆ, ಅವುಗಳ ಜಾಗ, ಆಕಾರ ಎಲ್ಲವೂ ಒಟ್ಟಿಗೆ ಬದಲಾಗಬೇಕು, ಅದೂ ಹೆಣ್ಣಿನಲ್ಲಿ ಮಾತ್ರ. ಇದು ಹೇಗೆ ಸಾಧ್ಯ? ಒಂದೊಂದು ಲಕ್ಷಣಕ್ಕೆ ಒಂದೊಂದು ಜೀನ್ ಇದ್ದು, ಅವೆಲ್ಲ ಅಕ್ಕಪಕ್ಕ ಅಂಟಿಕೊಂಡು ಒಂದು ಗಂಟಾಗಿ ಮಕ್ಕಳಿಗೆ ದಾಟುತ್ತಿರಬೇಕು ಎಂಬುದು ದಶಕಗಳ ಕಾಲ ಬಲವಾಗಿದ್ದ ಊಹೆ. ಆ ಗಂಟಿಗೆ ‘ಸೂಪರ್‌ಜೀನ್’ ಎಂಬ ಹೆಸರೂ ಇತ್ತು. ಕುಂಟೆ, ಷಿಕಾಗೋದ ಮಾರ್ಕಸ್ ಕ್ರಾನ್‌ಫೋರ್ಸ್ಟ್ ಮತ್ತು ಸಂಗಡಿಗರು ಬೇರೆ ಬೇರೆ ಬಗೆಯ ಚಿಟ್ಟೆಗಳನ್ನು ಕೂಡಿಸಿ, ಮರಿಗಳನ್ನು ಸಾಕಿ, ರೆಕ್ಕೆಯ ಚಿತ್ತಾರವನ್ನೂ ಡಿಎನ್‌ಎಯನ್ನೂ ಪಕ್ಕಪಕ್ಕ ಇಟ್ಟು ಹುಡುಕುತ್ತ ಹೋದರು. 2014ರಲ್ಲಿ ಅವರು ಪ್ರಕಟಿಸಿದ ಉತ್ತರದಲ್ಲಿ ಗಂಟು ಇರಲಿಲ್ಲ. ಇದ್ದದ್ದು ಒಂದೇ ಜೀನ್, ಡಬಲ್‌ಸೆಕ್ಸ್. ಅದೇನು ಅಪರಿಚಿತವಲ್ಲ. ಕೀಟದ ದೇಹ ಗಂಡಾಗಿ ಬೆಳೆಯಬೇಕೋ ಹೆಣ್ಣಾಗಿ ಬೆಳೆಯಬೇಕೋ ಎಂಬುದನ್ನು ನಡೆಸುವ ಹಳೆಯ ಜೀನ್. ಮಾರ್ಮನ್‌ನಲ್ಲಿ ಅದೇ ರೆಕ್ಕೆಯ ಬಣ್ಣದ ಉಸ್ತುವಾರಿಯನ್ನೂ ವಹಿಸಿಕೊಂಡಿದೆ. ಗಂಡು–ಹೆಣ್ಣಿನ ವ್ಯತ್ಯಾಸ ಅದರ ಕೈಯಲ್ಲೇ ಇರುವುದರಿಂದ ಅನುಕರಣೆ ಹೆಣ್ಣಿಗೆ ಸೀಮಿತವಾಯಿತು. ಗಂಡು ಆ ಜೀನಿನ ರೂಪವನ್ನು ಹೊತ್ತಿದ್ದರೂ ತೋರಿಸುವುದಿಲ್ಲ. ಮರುವರ್ಷ ಜಪಾನಿನ ತಂಡವೊಂದು ಬೆಳೆಯುತ್ತಿದ್ದ ಹೆಣ್ಣು ರೆಕ್ಕೆಯಲ್ಲಿ ಈ ಜೀನಿನ ಕೆಲಸವನ್ನು ತಗ್ಗಿಸಿದಾಗ ವೇಷ ಕಳಚಿ ಮೂಲ ಚಿತ್ತಾರ ಮೇಲೆ ಬಂತು. ಊಹೆ, ಹುಡುಕಾಟ, ಅನಿರೀಕ್ಷಿತ ಉತ್ತರ, ಪರೀಕ್ಷೆ: ಕಥೆಗೆ ಬೇಕಾದದ್ದೆಲ್ಲ ಇಲ್ಲಿದೆ. ನೀವು ಇದನ್ನು ‘ವಿಜ್ಞಾನಿಗಳು ಕಾರಣವಾದ ಜೀನನ್ನು ಪತ್ತೆ ಹಚ್ಚಿದ್ದಾರೆ’ ಎಂದು ಮುಗಿಸಿದ್ದೀರಿ! ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಹೊಸ ರೂಪಕ್ಕೆ ಹೊಸ ಜೀನ್ ಬೇಕಾಗಿಲ್ಲ, ಹಳೆಯದು ಎಲ್ಲಿ ಯಾವಾಗ ಕೆಲಸ ಮಾಡುತ್ತದೆ ಎಂಬುದು ಬದಲಾದರೂ ಸಾಕು. ಇದು ಚಿಟ್ಟೆಯ ಮಾತಷ್ಟೇ ಅಲ್ಲ. ಹೆಬ್ಬಾವಿನ ಗುದದ್ವಾರದ ಇಕ್ಕೆಲದಲ್ಲಿ ಎರಡು ಸಣ್ಣ ಉಗುರುಗಳಿವೆ, ಹಿಂಗಾಲಿನ ಅವಶೇಷ. ಕಾಲು ಬೆಳೆಸುವ ಸಾನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಹಾವುಗಳಲ್ಲಿ ಈಗಲೂ ಇದೆ. ಕೆಟ್ಟಿರುವುದು ಅದನ್ನು ಕಾಲಿನ ಜಾಗದಲ್ಲಿ ಎಚ್ಚರಿಸುವ ಡಿಎನ್‌ಎ ತುಣುಕು. 2016ರಲ್ಲಿ ಹಾವಿನ ಆ ತುಣುಕನ್ನು ಇಲಿಯಲ್ಲಿ ಕೂರಿಸಿದಾಗ ಇಲಿಮರಿಗಳ ಕಾಲು ಮೋಟಾಯಿತು. ನಿಮ್ಮ ಮೂರು ಪುಟಗಳ ವರ್ಣನೆಯ ಜಾಗದಲ್ಲಿ ಇದನ್ನು ಒಂದು ಪ್ಯಾರಾ ಇಡಿ, ಸಾಕು.

ಐದನೆಯ ಪುಟದಲ್ಲಿ ದೊಡ್ಡ ತಪ್ಪೊಂದಿದೆ. ಸಂಜೆ ಗದ್ದೆಯ ಬದುವಿನಲ್ಲಿ ಹಾರುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆ ಮಳೆಗಾಲದಲ್ಲಿ ಕಣ್ಣಿನಂಥ ಚುಕ್ಕೆಗಳನ್ನು, ಬೇಸಿಗೆಯಲ್ಲಿ ಒಣಗಿದ ಎಲೆಯ ಬಣ್ಣವನ್ನು ಹೊಂದಿರುವುದನ್ನು ಚೆನ್ನಾಗಿ ನೋಡಿದ್ದೀರಿ. ಆದರೆ ಅದನ್ನು ‘ಆರು ತಿಂಗಳಲ್ಲಿ ನಡೆಯುವ ವಿಕಾಸ’ ಎಂದು ಕರೆದಿದ್ದೀರಿ. ಅಲ್ಲ. ಜೀನ್‌ಗಳು ಅವೇ, ಬೆಳೆಯುವ ಕಾಲದ ಹವೆಯಂತೆ ರೂಪ ಬೇರೆಯಾಗುತ್ತದೆ. ಇದರ ಆಫ್ರಿಕಾದ ನೆಂಟ ಬೈಸೈಕ್ಲಸ್ ಚಿಟ್ಟೆಯ ಹುಳುಗಳನ್ನು ಬೇರೆ ಬೇರೆ ಉಷ್ಣಾಂಶದಲ್ಲಿ ಸಾಕಿ ಇದನ್ನು ತೋರಿಸಿದ್ದಾರೆ. ಹೀಗೆ ಎರಡು ರೂಪ ತಾಳುವ ಸಾಮರ್ಥ್ಯ ವಿಕಾಸದಿಂದ ಬಂದದ್ದು, ಪ್ರತಿ ವರ್ಷದ ಬದಲಾವಣೆ ವಿಕಾಸವಲ್ಲ.

ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳಿಗೆ ಎರಡು ಪುಟ ಏಕೆ? ಡಾರ್ವಿನ್ ಆ ದ್ವೀಪಗಳಲ್ಲಿ ನಿಂತು ಕೊಕ್ಕು ನೋಡಿ ಥಟ್ಟನೆ ಸಿದ್ಧಾಂತ ಹೊಳೆಯಿಸಿಕೊಳ್ಳಲಿಲ್ಲ. ಅವೆಲ್ಲ ಹತ್ತಿರದ ಸಂಬಂಧಿಗಳೆಂದು ಗುರುತಿಸಿದವರು 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್. ಒಂದು ಪ್ರಭೇದ ಒಡೆದು ಎರಡಾಗುವುದಕ್ಕೆ ಉದಾಹರಣೆ ಬೇಕಿದ್ದರೆ ನಿಮ್ಮ ಬಾಬಾಬುಡನ್‌ಗಿರಿಯೇ ಇದೆ. ಅಲ್ಲಿನ ಶೋಲಾ ಕಾಡಿನ ನೀಲಿ ರಾಬಿನ್ ತಂಪು ಬಿಟ್ಟು ಕೆಳಗಿನ ಸೆಖೆಗೆ ಇಳಿಯುವ ಹಕ್ಕಿಯಲ್ಲ. ಹಾಗಾಗಿ ಒಂದೊಂದು ಗಿರಿಶ್ರೇಣಿಯೂ ಅದಕ್ಕೆ ಒಂದೊಂದು ದ್ವೀಪ. ಪಶ್ಚಿಮಘಟ್ಟದ ನಡುವೆ 30ರಿಂದ 40 ಕಿಲೋಮೀಟರ್ ಅಗಲಕ್ಕೆ ತೆರೆದುಕೊಂಡಿರುವ ಪಾಲಕ್ಕಾಡ್ ಕಂಡಿಯ ಉತ್ತರಕ್ಕೆ ಒಂದು ಪ್ರಭೇದ, ದಕ್ಷಿಣಕ್ಕೆ ಬೇರೆಯವು. ಪಕ್ಷಿ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಇವುಗಳಿಗೆ ‘ಶೋಲಿಕೋಲಾ’ ಎಂಬ ಹೊಸ ಕುಲವನ್ನೇ ಕೊಟ್ಟರು. ನೀವು ಗಿರಿಯ ಮಂಜಿನ ಬಗ್ಗೆ ಎರಡು ವಾಕ್ಯ ಬರೆದು ದಕ್ಷಿಣ ಅಮೆರಿಕಕ್ಕೆ ಹೊರಟುಬಿಟ್ಟಿದ್ದೀರಿ. ಇದನ್ನು ಈ ಲೇಖನಕ್ಕೆ ತುರುಕಬೇಡಿ. ರೂಪ ಬದಲಾಗುವುದು ಒಂದು ಪ್ರಶ್ನೆ, ಪ್ರಭೇದ ಒಡೆಯುವುದು ಇನ್ನೊಂದು. ಗಿರಿಯ ಹಕ್ಕಿಗೆ ಬೇರೆಯೇ ಲೇಖನ ಬರೆದು ಕಳಿಸಿ.

ಸದ್ಯಕ್ಕೆ ಮೊದಲ ಎಂಟು ಪುಟಗಳನ್ನು ಬಿಟ್ಟುಬಿಡಿ. ಅಜ್ಜಿಯಿಂದ ಶುರು ಮಾಡಿ, ಹುಳುವಿನಿಂದ ಚಿಟ್ಟೆಗೆ, ಚಿಟ್ಟೆಯಿಂದ ಜೀನಿಗೆ ಹೋಗಿ. ‘ವಿಜ್ಞಾನಿಗಳ ಪ್ರಕಾರ’ ಎಂದು ಬರೆಯಬೇಕೆನಿಸಿದಾಗಲೆಲ್ಲ ಯಾರು, ಏನು ಮಾಡಿ, ಹೇಗೆ ತಿಳಿದರು ಎಂದು ಬರೆಯಿರಿ. ಆಗದಿದ್ದರೆ ಆ ವಾಕ್ಯವೇ ಬೇಡ. ಐದು ಪುಟ ಮೀರಬಾರದು. ಕರಿಬೇವಿನ ಗಿಡ ಇನ್ನೂ ಹಿತ್ತಲಲ್ಲಿ ಇದ್ದರೆ ಒಂದಿಷ್ಟು ಹುಳುಗಳನ್ನು ಉಳಿಸಿ, ಏನಾಗುತ್ತದೆಂದು ನೋಡಿ.

ಫೋಟೊದ ವಿಚಾರ. ‘ಕ್ರಿಮ್ಸನ್ ರೋಸ್ ವೇಷದಲ್ಲಿರುವ ಮಾರ್ಮನ್ ಹೆಣ್ಣು’ ಎಂದು ಅಡಿಬರಹ ಕೊಟ್ಟು ಕಳಿಸಿರುವ ಚಿತ್ರದಲ್ಲಿ ಚಿಟ್ಟೆಯ ಹೊಟ್ಟೆಯೂ ತಲೆಯೂ ಕಡುಗೆಂಪಾಗಿವೆ. ಮಾರ್ಮನ್ ರೆಕ್ಕೆಯನ್ನು ಎಷ್ಟೇ ಅನುಕರಿಸಿದರೂ ಅದರ ಮೈ ಕಪ್ಪು. ಇದು ಅಸಲಿ ಕ್ರಿಮ್ಸನ್ ರೋಸ್. ಹಕ್ಕಿಗಳು ನಕಲಿಯನ್ನು ಅಸಲಿ ಎಂದು ತಿಳಿದು ಬಿಡುತ್ತವೆ, ನೀವು ಅಸಲಿಯನ್ನೇ ನಕಲಿ ಎಂದಿದ್ದೀರಿ. ಬೇರೆ ಫೋಟೊ ಕಳಿಸಿ, ಮೈ ಕಾಣುವಂಥದ್ದು.

ಇತಿ,
ಸಂಪಾದಕ